ಕರಿಯಮ್ಮನವರ ಶುಕ್ರವಾರದ ತಕ್ಕಡಿ

ಹಾಲಿನಲ್ಲಿ ಅದ್ದಿ ತೆಗೆದಷ್ಟು ಬೆಳ್ಳಗಿದ್ದ ಹೆಣ್ಣುಮಗಳಿಗೆ ಕಲ್ಲುಬಾವಿಪಾಳ್ಯದವರು ಕರಿಯಮ್ಮ ಅಂತ ಹೆಸರಿಟ್ಟಿದ್ದರು. ನಿಜವಾದ ಹೆಸರು ಕರೀನ್, ಡೆನ್ಮಾರ್ಕ್ ದೇಶದ ನರ್ಸು. ಆದರೆ ಊರ ಬಾಗಿಲಲ್ಲೇ ಕರಿಯಮ್ಮ ದೇವರ ಗುಡಿ ಇರುವಾಗ, ಅದನ್ನು ಬಿಟ್ಟು ನಾಲಿಗೆ ಹೊರಳದ ಇನ್ನೊಂದು ಹೆಸರು ಕಲಿಯುವ ಉಸಾಬರಿ ಯಾರಿಗೆ ಬೇಕಿತ್ತು? ಮೊದಮೊದಲು ಅವಳು ತಿದ್ದಿ ನೋಡಿದಳು. ಆಮೇಲೆ ಕರೆದವರಿಗೆ ಓಗೊಡುವುದೇ ಸುಲಭ ಅನ್ನಿಸಿ ಸುಮ್ಮನಾದಳು.

ಅವಳು ಬಂದದ್ದು ಎಪ್ಪತ್ತೇಳನೇ ಇಸವಿಯಲ್ಲಿ, ಒಂದು ಸೇವಾಸಂಸ್ಥೆಯ ಕಡೆಯಿಂದ, ಎರಡು ವರ್ಷದ ಮಟ್ಟಿಗೆ. ತಿಪಟೂರಿನಿಂದ ಬಿಳಿಗೆರೆ ದಾಟಿ ಒಳಗೆ ತಿರುಗಿದರೆ ಸಿಗುವ ಊರು ಅದು. ತೆಂಗಿನ ತೋಟಗಳ ನಡುವೆ ಮನೆಗಳನ್ನು ಹುಡುಕಬೇಕು. ಇಳಿದುಕೊಂಡದ್ದು ಶಿವಣ್ಣ, ಪುಟ್ಟಗೌರಮ್ಮ ಎಂಬ ಗಂಡಹೆಂಡಿರ ಮನೆಯ ಮುಂದಿನ ಕೋಣೆಯಲ್ಲಿ. ತಲೆಯ ಮೇಲಿನ ಅಟ್ಟದ ತುಂಬ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಒಣಗಲು ಬಿಟ್ಟ ಕಾಯಿಗಳ ರಾಶಿ. ಇಲಿ ಓಡಾಡಿದಾಗ ಒಂದೊಂದು ಕಾಯಿ ಗಡಗಡ ಉರುಳುತ್ತಿತ್ತು. ಮೊದಲ ವಾರ ಭೂಕಂಪವೆಂದು ಬೀದಿಗೆ ಓಡಿಬಂದಿದ್ದವಳು, ಈಗ ಆ ಸದ್ದಿಲ್ಲದಿದ್ದರೆ ನಿದ್ದೆ ಬಾರದ ಹಾಗಾಗಿದ್ದಳು.

ಕನ್ನಡ ಕಲಿತದ್ದು ಪುಟ್ಟಗೌರಮ್ಮನಿಂದ. ಎಡವಟ್ಟಾದದ್ದೇ ಅಲ್ಲಿ. ಪುಟ್ಟಗೌರಮ್ಮ ಬೆಳಗೆದ್ದರೆ ಗಂಡನನ್ನು, ಎಮ್ಮೆಯನ್ನು, ಕೋಳಿಯನ್ನು, ಬಂದೂ ಸುರಿಯದೆ ಹೋಗುವ ಮೋಡವನ್ನು ಬೈಯುತ್ತಾ ಕೆಲಸ ಮಾಡುವ ಹೆಂಗಸು. ಹಾಗಾಗಿ ಇನ್ನೂ ಮೂವತ್ತು ತುಂಬದ ಕರೀನಳ ಬಾಯಲ್ಲಿ ಅರವತ್ತು ದಾಟಿದ ಅಜ್ಜಿಯ ಮಾತು. ತುಮಕೂರಿನಿಂದ ಬಂದಿದ್ದ ದೊಡ್ಡ ಆಫೀಸರೊಬ್ಬರು “ಹೇಗಿದ್ದೀರಿ ಮೇಡಂ?” ಎಂದು ನಯವಾಗಿ ಕೇಳಿದರೆ, “ಏನ್ ಇರಾದೋ ಬುಡಪ್ಪ, ಉಸ್ರೊಂದು ಆಡ್ತೈತೆ” ಅಂದುಬಿಟ್ಟಿದ್ದಳು. ಪಾಪ, ಆಫೀಸರು ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

ಈಗ ಎಪ್ಪತ್ತೊಂಬತ್ತರ ಮಾರ್ಚಿ. ಮುಂದಿನ ವಾರ ಅವಳು ಹೊರಡಬೇಕು. ನಾಳೆ ಶುಕ್ರವಾರ ಅವಳ ಸಂಸ್ಥೆಯ ಹಿರಿಯ ಹೆನ್ರಿಕ್ಸನ್ ಎಂಬಾತ ಊರಿಗೆ ಬರುವವನಿದ್ದ. ಜೊತೆಗೆ ಟೇಪ್ ರೆಕಾರ್ಡರು ತರುತ್ತೇನೆ, ಎರಡು ವರ್ಷದಲ್ಲಿ ಏನು ಮಾಡಿದೆ, ಏನು ಕಲಿತೆ ಅಂತ ನಿನ್ನ ಬಾಯಿಂದಲೇ ಹೇಳು, ಇನ್ನು ಮುಂದೆ ಬರುವವರಿಗೆ ಕೇಳಿಸುತ್ತೇವೆ ಎಂದು ಹೇಳಿಕಳಿಸಿದ್ದ. ಗುರುವಾರ ಬೆಳಿಗ್ಗೆ ಕರೀನ್ ಕಾಫಿ ಲೋಟ ಹಿಡಿದು ಜಗುಲಿಯ ಮೇಲೆ ಕೂತು, ನಾನು ಮಾಡಿದ್ದಾದರೂ ಏನು ಅಂತ ಯೋಚನೆಗೆ ಬಿದ್ದಳು.

ನೀರು ಕುದಿಸಿ ಕುಡಿಯಿರಿ ಎಂದು ಮನೆಮನೆಗೂ ಹೋಗಿ ಗಂಟಲು ಹರಿದುಕೊಂಡಿದ್ದಳು. ಜನ ಬಹಳ ಮರ್ಯಾದಸ್ಥರು, ಕುದಿಸಿದರು. ಪ್ರತಿ ಮನೆಯಲ್ಲೂ ಒಂದು ಪುಟ್ಟ ಕೊಡ ಬೇರೆ ಇಟ್ಟು, ಅದಕ್ಕೆ ಕರಿಯಮ್ನೋರ ನೀರು ಅಂತ ಹೆಸರು ಕೊಟ್ಟರು. ಅವಳು ಹೋದಾಗ ಅದರಿಂದ ಒಂದು ಲೋಟ ಬಗ್ಗಿಸಿ ಕೊಡುತ್ತಿದ್ದರು. ಇಡೀ ಊರಿನಲ್ಲಿ ಕುದಿಸಿದ ನೀರು ಕುಡಿದು ಬದುಕಿದವಳು ಅವಳೊಬ್ಬಳೇ. ಇನ್ನು ಕೈ ತೊಳೆಯಿರಿ ಎಂದು ಹಂಚಿದ ಸೋಪುಗಳು ಕಾಗದವನ್ನೂ ಬಿಚ್ಚದೆ ಗೂಡುಗಳಲ್ಲಿ ಕೂತಿದ್ದವು. ಅಷ್ಟು ವಾಸನೆಯ ಸೋಪನ್ನು ಬೀಗರು ಬಂದಾಗ ಅಲ್ಲದೆ ಇನ್ಯಾವಾಗ ತೆಗೆಯುತ್ತಾರೆ?

ಉಳಿದದ್ದು ತಕ್ಕಡಿ ಒಂದೇ. ಗಡಿಯಾರದಂಥ ದುಂಡು ಮುಖ, ಅದರೊಳಗೊಂದು ಮುಳ್ಳು, ಕೆಳಗೆ ಕೊಕ್ಕೆ, ಕೊಕ್ಕೆಗೆ ಬಟ್ಟೆಯ ಜೋಲಿ. ಮೂರು ವರ್ಷದೊಳಗಿನ ಮಕ್ಕಳನ್ನು ಜೋಲಿಯಲ್ಲಿ ಕೂರಿಸಿದರೆ ಮುಳ್ಳು ತಿರುಗಿ ತೂಕ ಹೇಳುತ್ತಿತ್ತು. ಪ್ರತಿ ಶುಕ್ರವಾರ ಶಿವಣ್ಣನ ಮನೆ ಎದುರಿನ ಹೊಂಗೆ ಮರಕ್ಕೆ ಅದನ್ನು ನೇತುಹಾಕುತ್ತಿದ್ದಳು. ಮೊದಲ ಸಲ ತೂಗಿದಾಗ ಊರ ಮಕ್ಕಳೆಲ್ಲ ಕಡ್ಡಿ. ಅದರಲ್ಲೂ ಭೈರಮ್ಮ ಎಂಬ ಬಾಣಂತಿಯ ಮಗ ಬೀರ, ಮುಳ್ಳನ್ನು ಅಲುಗಿಸಲೂ ಹೆಣಗಿದ್ದ. “ಕಮ್ಮಿ ಕಣವ್ವಾ, ಬಾಳ ಕಮ್ಮಿ” ಅಂತ ಹೇಳಿ ಕರೀನ್ ಅವತ್ತು ಮಧ್ಯಾಹ್ನ ಮುದ್ದೆ ಮುಟ್ಟಿರಲಿಲ್ಲ. ಆಮೇಲೆ ಏನು ಪವಾಡವೋ, ವಾರದಿಂದ ವಾರಕ್ಕೆ ಮುಳ್ಳು ಮೇಲೇರತೊಡಗಿತು. ಒಬ್ಬರ ಮಗುವನ್ನು ನೋಡಿ ಇನ್ನೊಬ್ಬರದು ಏರಿತು. ಈಗಂತೂ ಬೀರ ಜೋಲಿಯಲ್ಲಿ ಕೂತರೆ ಕೊಂಬೆ ಕಿರ್ರೆನ್ನುತ್ತಿತ್ತು.

ನಾಳೆ ಹೆನ್ರಿಕ್ಸನ್ ಅದನ್ನೇ ನೋಡಲು ಬರುತ್ತಿದ್ದ. ನಿಜವೆನಿಸಿದರೆ ನೊಣವಿನಕೆರೆ, ಹಾಲ್ಕುರಿಕೆ ಕಡೆಯ ಊರುಗಳಿಗೂ ತಕ್ಕಡಿ ಕಳಿಸುವ ಮಾತಾಡಿದ್ದ. ಕರೀನಳಿಗೆ ಬೇಕಿದ್ದದ್ದು ಅದಕ್ಕಿಂತ ಸಣ್ಣದು. ಈ ಎರಡು ವರ್ಷ ದಂಡವಾಗಲಿಲ್ಲ ಎಂದು ತನ್ನ ಮನಸ್ಸಿಗೆ ತಾನು ಹೇಳಿಕೊಂಡು ವಿಮಾನ ಹತ್ತಬೇಕು, ಅಷ್ಟೇ. ಆ ಮಕ್ಕಳ ತೂಕ ಬಿಟ್ಟರೆ ಹಾಗೆ ಹೇಳಿಕೊಳ್ಳಲು ಅವಳ ಹತ್ತಿರ ಬೇರೇನೂ ಇರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಜೀಪು ಬಂತು. ಹೆನ್ರಿಕ್ಸನ್ ತಾಳೆಮರದ ಹಾಗೆ ಉದ್ದ. ಶಿವಣ್ಣನ ಮನೆಯ ಬಾಗಿಲಿಗೆ ಹಣೆ ಬಡಿಸಿಕೊಂಡು ಒಳಗೆ ಹೋದ, ಹಣೆ ಬಡಿಸಿಕೊಂಡು ಹೊರಗೆ ಬಂದ. ಶಿವಣ್ಣ ಎಳನೀರು ಕೆತ್ತಿ ಕೊಟ್ಟ. ಕುಡಿದು ಸಾಕೆಂದು ಕೈ ಅಲ್ಲಾಡಿಸಿದರೆ, ಇನ್ನೊಂದು ಬೇಕೇನೋ ಅಂದುಕೊಂಡು ಇನ್ನೊಂದು ಕೆತ್ತಿ ಕೊಟ್ಟ. ಹೊಂಗೆ ಮರದ ಕೆಳಗೆ ತಾಯಂದಿರು ಆಗಲೇ ಸೇರಿದ್ದರು. ಫಾರಿನ್ನಿನಿಂದ ದೊಡ್ಡೋರು ಬರುತ್ತಾರೆಂದು ಮಕ್ಕಳಿಗೆಲ್ಲ ಕುಲಾವಿ, ಉಲ್ಲನ್ ಜಾಕೀಟು, ಅದರ ಮೇಲೆ ಇನ್ನೊಂದು ಜಾಕೀಟು. ಮಾರ್ಚಿಯ ಬಿಸಿಲಿಗೆ ಮಕ್ಕಳು ಬೆಂದುಹೋಗಿದ್ದವು.

“ಇಷ್ಟು ಸೆಕೆಯಲ್ಲಿ ಉಲ್ಲನ್ ಯಾಕೆ?” ಎಂದು ಹೆನ್ರಿಕ್ಸನ್ ತಮ್ಮ ಭಾಷೆಯಲ್ಲಿ ಕೇಳಿದ.

“ಮಗುವಿನ ಮೈ ನಾಲ್ಕು ಜನರಿಗೆ ಕಂಡರೆ ದೃಷ್ಟಿಯಾಗುತ್ತದೆ ಅನ್ನುತ್ತಾರೆ. ಅದಕ್ಕೇ ನಾನು ಯಾವತ್ತೂ ಬಟ್ಟೆ ಬಿಚ್ಚಿಸುವುದಿಲ್ಲ. ಜನರ ಪದ್ಧತಿಯನ್ನು ಗೌರವಿಸಬೇಕೆಂದು ನೀವೇ ಕಲಿಸಿದ್ದಲ್ಲವೇ?” ಅಂದಳು ಕರೀನ್, ಹೆಮ್ಮೆಯಿಂದ.

ಹೆನ್ರಿಕ್ಸನ್ ಮುಳ್ಳನ್ನೂ ಜಾಕೀಟನ್ನೂ ಒಂದೆರಡು ಸಲ ನೋಡಿದ. “ಒಂದೇ ಒಂದು ಮಗುವನ್ನು ಬಟ್ಟೆ ಇಲ್ಲದೆ ತೂಗೋಣ. ನನ್ನ ಸಮಾಧಾನಕ್ಕೆ.”

ಕರೀನ್ ಅದನ್ನು ಕನ್ನಡಕ್ಕೆ ತಂದದ್ದೇ ತಡ, ಭೈರಮ್ಮ ಮಗನನ್ನು ಎದೆಗೆ ಒತ್ತಿಕೊಂಡಳು. ಕೂಲಿನಾಲಿ ಮಾಡಿಕೊಂಡಿದ್ದ ರಂಗಮ್ಮ ಎಂಬಾಕೆ ತನ್ನ ಮಗಳು ಗಂಗಿಯನ್ನೆತ್ತಿಕೊಂಡು ಗುಂಪಿನ ಹಿಂದಕ್ಕೆ ಸರಿದಳು. ಭೈರಮ್ಮನ ಅತ್ತೆ ಕೊಲ್ಲಾಪುರಮ್ಮ ಮುಂದೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. ಲೋಕದಲ್ಲಿ ಯಾವುದೂ ಸರಿಯಿಲ್ಲ ಅನ್ನುವ ಹಾಗೆ ಸದಾ ಮುಖ ಸಿಂಡರಿಸಿಕೊಂಡಿರುವ ಮುದುಕಿ ಅವಳು.

“ಅವೆಲ್ಲ ಆಗಾಕಿಲ್ಲ ಕರಿಯಮ್ನೋರೇ. ಬಟ್ಟೆ ಬಿಚ್ಚಿದ್ರೆ ಮಗೀಗೆ ದೃಷ್ಟಿ ಆಯ್ತದೆ.”

“ನನ್ ಕಣ್ಣು ತಾಕ್ತದೇನವ್ವಾ? ಎರಡು ವರ್ಸದಿಂದ ನೋಡ್ತಿಲ್ವಾ ಈ ಕಣ್ಣ? ಇವ್ರು ನಮ್ಮೂರ ಮಕ್ಳ ತೂಕಾನೇ ಸುಳ್ಳು ಅಂತಾವ್ರೆ ಕಣವ್ವಾ. ಹೂಂ ಅನ್ನಿಸ್ಕಂಡು ಕಳ್ಸಾನ, ಕೊಡಿಲ್ಲಿ!” ಅಂದವಳೇ ಕರೀನ್ ಬೀರನನ್ನು ಕಿತ್ತುಕೊಂಡು ಜಾಕೀಟಿನ ಗುಂಡಿ ಬಿಚ್ಚಿದಳು.

ಒಂದು ಕೊಬ್ಬರಿ ಗಿಟುಕು ಟಪ್ಪನೆ ಬಿತ್ತು. ಬಿದ್ದದ್ದು ಸುಮ್ಮನಿರದೆ ಉರುಳಿಕೊಂಡು ಹೋಗಿ ಹೆನ್ರಿಕ್ಸನ್ನನ ಬೂಟಿಗೆ ತಾಗಿ ನಿಂತಿತು. ಕರೀನ್ ಎರಡನೇ ಜಾಕೀಟು ಬಿಚ್ಚಿದಳು. ಇನ್ನೊಂದು ಬಿತ್ತು. ಕುಲಾವಿ ತೆಗೆದರೆ ಅದರೊಳಗೆ ತಲೆಯ ಅಳತೆಗೇ ಕೆತ್ತಿದ ಹಾಗೆ ಒಂದು ಹೋಳು. ತನ್ನ ಸ್ವತ್ತೆಲ್ಲ ಹೋಗುತ್ತಿರುವುದನ್ನು ಕಂಡ ಬೀರ ಊರು ಕಿತ್ತುಹೋಗುವಂತೆ ಅರಚಿದ.

ಕರೀನ್ ಹುಚ್ಚು ಹಿಡಿದವಳಂತೆ ಕೈಗೆ ಸಿಕ್ಕ ಮಕ್ಕಳ ಮೈ ತಡಕಿದಳು. ಎಲ್ಲೆಲ್ಲೂ ಗಂಟು, ಎಲ್ಲೆಲ್ಲೂ ಕೊಬ್ಬರಿ. ಒಂದು ಮಗುವಿನ ಹತ್ತಿರ ಮಾತ್ರ ಏನೂ ಸಿಗಲಿಲ್ಲ, ಹೊಟ್ಟೆ ಮಾತ್ರ ಡೊಳ್ಳಿನ ಹಾಗಿತ್ತು. ಸದ್ಯ ಇದೊಂದಾದರೂ ನಿಜವಾಯಿತಲ್ಲ ಎಂದು ಅದನ್ನು ಜೋಲಿಗೆ ಹಾಕಿ, ನೋಡಿ ಎಂದು ಹೆನ್ರಿಕ್ಸನ್ನನನ್ನು ಹತ್ತಿರ ಕರೆದಳು. ಬೆಳಗಿನಿಂದ ಅದಕ್ಕೆ ಎಳನೀರು ಕುಡಿಸಿ ಕುಡಿಸಿ ತೂಕ ಏರಿಸಿ ತಂದಿದ್ದರು. ಹೆನ್ರಿಕ್ಸನ್ ಬಗ್ಗಿ ಮುಳ್ಳು ನೋಡುವ ಹೊತ್ತಿಗೆ ಸರಿಯಾಗಿ ಆ ಎಳನೀರೆಲ್ಲ ಅವನ ಅಂಗಿಯ ಮೇಲಿಂದ ಇಳಿದು ಬೂಟು ತುಂಬಿತು. ಮುಳ್ಳು ನೋಡನೋಡುತ್ತಿದ್ದಂತೆ ಕೆಳಗಿಳಿಯಿತು.

“ಇದು ಏನೆಂದು ಕೇಳು” ಅಂದ ಹೆನ್ರಿಕ್ಸನ್. ಮುಖ ಒರೆಸಿಕೊಳ್ಳುತ್ತಿದ್ದರೂ ದನಿ ಏರಿಸಲಿಲ್ಲ, ಒಳ್ಳೆಯ ಮನುಷ್ಯ.

ಕರೀನ್ ಕೇಳಿದ್ದು ಬೇರೆ ಥರ. “ಯಾರ್ರೇ ಇದ ಹೇಳ್ಕೊಟ್ಟೋರು? ನಿಮ್ ಬಾಯಿಗೆ ಮಣ್ಣಾಕ!”

ಬೈಗುಳ ಕಲಿಸಿದ ಪುಟ್ಟಗೌರಮ್ಮನೇ ಮುಂದೆ ಬಂದಳು. “ನಾನೇ ಕಣವ್ವ ಹೇಳಿದ್ದು. ಅದಕ್ಯಾಕೆ ಹಿಂಗಾಡ್ತೀಯಾ? ನಾವು ಕೊಬ್ರಿ ಬೆಳೆಯೋ ಜನ. ಪೇಟೆಗೆ ಹೊತ್ಕಂಡೋದ್ರೆ ಮನೇಲಿ ತೂಗಿದ್ದು ಅಲ್ಲಿ ಯಾವತ್ತಾರ ತೂಗೈತಾ? ತಕ್ಕಡಿ ಯಾರ ಕೈಯಾಗಿರ್ತೈತೋ ಅವ್ರ ಕಡೀಕೇ ಅದು ತೂಗಾದು. ಮೊದಲ್ನೇ ವಾರ ನೀನು ಎಲ್ಲಾ ಮಕ್ಳೂ ಕಮ್ಮಿ ಅಂದೆ. ನಾವು ಹೆತ್ತ ಮಕ್ಳು ಅದೆಂಗೆ ಎಲ್ಲಾ ಕಮ್ಮಿ ಆಗ್ತವೆ? ನಿನ್ ತಕ್ಕಡೀನೂ ಪೇಟೆ ತಕ್ಕಡಿ ಥರಾನೇ ಅಂದ್ಕಂಡ್ವಿ. ತಕ್ಕಡಿ ನುಂಗೋ ತೂಕಾನ ಮೊದ್ಲೇ ಸೇರ್ಸಿ ತಂದ್ವಿ, ಅಷ್ಟೇಯ.”

“ಅಷ್ಟೇಯಾ?” ಅಂದಳು ಕರೀನ್. “ಎರಡು ವರ್ಸ ನಾನು ಕೊಬ್ರಿ ತೂಗಿದ್ನಾ ಅವ್ವಾ?”

ಅವಳು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಹಾಸಿಗೆಯ ಮೇಲೆ ಬಿದ್ದು ಗೊಳೋ ಎಂದು ಅತ್ತಳು. ಸುಮ್ಮನೆ ತನ್ನ ದೇಶದಲ್ಲೇ ಇದ್ದಿದ್ದರೆ ಯಾವುದಾದರೂ ದೊಡ್ಡಾಸ್ಪತ್ರೆಯಲ್ಲಿ ಎರಡು ವರ್ಷ ನಿಜವಾದ ಕೆಲಸ ಮಾಡಬಹುದಿತ್ತು. ಇಲ್ಲಿ ಬಂದು ಸೊಳ್ಳೆ ಕಚ್ಚಿಸಿಕೊಂಡು, ಭೇದಿ ಹಿಡಿಸಿಕೊಂಡು, ಒಂದು ಮಗುವಿಗೂ ಪ್ರಯೋಜನವಾಗದೆ ವಾಪಸು ಹೋಗುವುದು. ಇಷ್ಟು ದಿನ ತನ್ನ ಬೆನ್ನ ಹಿಂದೆ ಇವರೆಲ್ಲ ನಗುತ್ತಿದ್ದಿರಬೇಕು ಅನ್ನಿಸಿ ಇನ್ನೂ ಸಂಕಟವಾಯಿತು. ಎಲ್ಲಕ್ಕಿಂತ ಪುಟ್ಟಗೌರಮ್ಮ ಹೀಗೆ ಮಾಡಿದಳಲ್ಲ ಅನ್ನುವುದನ್ನು ತಡೆಯಲಾಗಲಿಲ್ಲ.

ಪುಟ್ಟಗೌರಮ್ಮ ಬಾಗಿಲು ದಬದಬ ಬಡಿದಳು. “ಬಾಗ್ಲು ತೆಗಿಯೇ. ಮುದ್ದೆ ಆರೋಯ್ತದೆ.”

“ನಂಗ್ಯಾವ ಮುದ್ದೇನೂ ಬ್ಯಾಡ.”

“ನೋಡು, ಇದಕ್ಕೇ ಕಣೇ ಮಾಡಿದ್ದು! ಮೊದಲ್ನೇ ವಾರಾನೂ ಹಿಂಗೇ ಉಣ್ಣದೆ ಬಿದ್ಕಂಡೆ. ಪರದೇಸದ ಹೆಣ್ಮಗಳು ನಮ್ಮನೇಲಿ ಹಸ್ಕಂಡು ಬಿದ್ಕಂಡ್ರೆ ನಂಗೆ ಗಂಟಲಾಗೆ ಇಳೀತೈತಾ? ಮುಳ್ಳು ಮ್ಯಾಲೆ ಹೋದ್ರೆ ನೀನು ನಗ್ತೀಯಾ ಅಂತ ಎಲ್ರಿಗೂ ನಾನೇ ಹೇಳ್ದೆ. ಮುಳ್ಳು ಮ್ಯಾಲೋಯ್ತು, ನೀನು ಎರಡೆರಡು ಮುದ್ದೆ ಹೊಡೆದೆ. ಸುಳ್ಳಾ?”

ಸುಳ್ಳಾಗಿರಲಿಲ್ಲ. ಅದಕ್ಕೇ ಕರೀನಳಿಗೆ ರೇಗಿತು. “ಹೋಗಿ, ಹೋಗಿ! ಆ ಕಳ್ಳ ಕೊಬ್ರಿ ಎಲ್ಲಾನೂ ತಗಂಡೋಗಿ ಅಟ್ಟಕ್ಕೆ ಹಾಕ್ಕಳ್ರಿ! ಸಂತೇಗ್ ಮಾರ್ಕಳ್ರಿ!”

ಹೊರಗಿನಿಂದ ಪುಟ್ಟಗೌರಮ್ಮನ ದನಿ ಬಂತು, ನಿಜಕ್ಕೂ ಗಾಬರಿಯಾದ ದನಿ. “ಅಟ್ಟಕ್ಕಾ? ಬುಡ್ತು ಅನ್ನು! ತೂಕಕ್ಕೆ ಇಟ್ಟಿದ್ದನ್ನ ಯಾರಾದ್ರೂ ಮನೆಗೆ ವಾಪಸ್ ತಗಂತಾರಾ? ದೇವ್ರ ತುಲಾಭಾರಕ್ಕೆ ಹಾಕಿದ ಬೆಲ್ಲ ದೇವ್ರಿಗೆ. ಮಗೀನ ತೂಕಕ್ಕೆ ಇಟ್ಟಿದ್ದು ಮಗೀಗೆ. ಅದ ಮಾರ್ಕಂಡ್ರೆ ಮಗೀನ ಆಯಸ್ಸು ಮಾರ್ದಂಗೆ ಕಣೇ.”

ಕರೀನ್ ಅಳು ನಿಲ್ಲಿಸಿ ಎದ್ದು ಕೂತಳು. ಈ ಸೀಮೆಯ ಜನ ಕೊಬ್ಬರಿಯನ್ನು ಹೇಗೆ ನೋಡುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಗಟ್ಟಿ ಕೊಬ್ಬರಿ ಅಂದರೆ ಪೇಟೆಯದು. ಮನೆಯವರಿಗೇನಿದ್ದರೂ ಒಡೆದದ್ದು, ಕೆಟ್ಟು ಕೌಟಾದದ್ದು. ಹಬ್ಬದಲ್ಲಿ ಮಗುವೊಂದು ಒಳ್ಳೆಯ ಹೋಳಿಗೆ ಕೈ ಹಾಕಿದರೆ ಕೈಯ ಮೇಲೆ ಪಟ್ಟನೆ ಬೀಳುತ್ತಿದ್ದ ಏಟನ್ನು ಅವಳೇ ಕಂಡಿದ್ದಳು. ಬಾಗಿಲು ತೆರೆದಳು.

“ಹಂಗಾದ್ರೆ ಏನ್ ಮಾಡ್ತೀರವ್ವಾ ಅದನ್ನ?”

“ಏನ್ ಮಾಡಾದು, ಮಗ ತಿಂತೈತೆ. ಹಲ್ಲು ಬಂದಿರೋವು ಕಡಿತವೆ. ಬರದೆ ಇರೋವ್ಕೆ ಬೆಲ್ಲದ ಜೊತೆ ಕುಟ್ಟಿ ನೆಕ್ಕುಸ್ತಾರೆ.”

“ಯಾವಾಗ್ಲೋ ಒಂದ್ಸಲಾನಾ?”

“ವಾರ ವಾರಾನೂ. ತೂಕ ವಾರ ವಾರ ಇದ್ಮ್ಯಾಲೆ? ಅದೂ ನೀನು ಹೋದ್ವಾರಕ್ಕಿಂತ ಜಾಸ್ತಿ ಬರ್ಬೇಕು ಅಂತೀಯಾ. ಒಂದಿದ್ದಿದ್ದು ಎರಡಾಯ್ತು, ಎರಡಿದ್ದಿದ್ದು ಮೂರಾಯ್ತು. ನಮ್ ಅಟ್ಟ ಬರಿದಾಗ್ತೈತೆ ಅಂತ ಮನೆ ಯಜಮಾನ್ರು ಬಾಯಿ ಬಡ್ಕಂತಾವ್ರೆ.”

ಕರೀನ್ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ತಾಯಂದಿರು ಮೋರೆ ಇಳಿಬಿಟ್ಟುಕೊಂಡು ಮನೆ ಕಡೆ ಹೊರಟಿದ್ದರು. “ನಿಲ್ರವ್ವೋ! ಎಲ್ಲಾ ಬಿಚ್ಚಿ ತೂಗ್ತೀನಿ, ಒಂದ್ಸಲ, ನಿಮ್ಮ ಕಾಲಿಗ್ ಬೀಳ್ತೀನಿ!” ಎಂದು ಕೂಗಿಕೊಂಡಳು. ದೃಷ್ಟಿಯ ಭಯ ಇತ್ತು. ಆದರೆ ಕಾಲಿಗೆ ಬೀಳುತ್ತೇನೆ ಅನ್ನುವವಳಿಗೆ ಇಲ್ಲ ಅನ್ನುವುದು ಹೇಗೆ? ಕೊಲ್ಲಾಪುರಮ್ಮ ಮೊಮ್ಮಗನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು, ಅವನನ್ನು ಹುಟ್ಟಿದ ಹಾಗೇ ತಂದು ಜೋಲಿಗೆ ಹಾಕಿದಳು.

ಬೀರ ಹಿಂದಿನ ವಾರದಷ್ಟು ತೂಗಲಿಲ್ಲ. ಆದರೆ ತೂಗಬೇಕಾದದ್ದಕ್ಕಿಂತ ಕಮ್ಮಿಯೂ ತೂಗಲಿಲ್ಲ. ತೊಡೆಯಲ್ಲಿ ಮಡಿಕೆ, ಕುಂಡೆಯಲ್ಲಿ ಗುಳಿ. ಹೆನ್ರಿಕ್ಸನ್ ಒದ್ದೆ ಬೂಟು ಬಿಚ್ಚಿ ಬರಿಗಾಲಲ್ಲಿ ಬಂದು ಮುಳ್ಳು ನೋಡಿದ. ಇನ್ನೊಂದು ಮಗು, ಮತ್ತೊಂದು ಮಗು. ಎರಡು ವರ್ಷದ ಸುಳ್ಳನ್ನು ಕಡಿದು ತಿಂದು ಜೀರ್ಣಿಸಿಕೊಂಡ ಮಕ್ಕಳು ಒಬ್ಬೊಬ್ಬರಾಗಿ ಬೆತ್ತಲೆ ತೂಗಿದರು. ಕರೀನ್ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಕೊನೆಗೆ ಉಳಿದದ್ದು ಗಂಗಿ. ರಂಗಮ್ಮ ಬರಲೊಲ್ಲೆ ಅಂದಳು. ಪುಟ್ಟಗೌರಮ್ಮನೇ ಹೋಗಿ ಮಗುವನ್ನೆತ್ತಿಕೊಂಡು ಬಂದು ಜಾಕೀಟು ಬಿಚ್ಚಿದರೆ, ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿದ್ದ ಎರಡು ಕಲ್ಲು ಬಿದ್ದವು. ಜೋಲಿ ಅಲುಗಿತು, ಮುಳ್ಳು ಅಷ್ಟಾಗಿ ಅಲುಗಲಿಲ್ಲ. ಎರಡು ವರ್ಷದ ಹುಡುಗಿಯ ಪಕ್ಕೆಲುಬುಗಳು ಎಣಿಸುವ ಹಾಗಿದ್ದವು. ರಂಗಮ್ಮನಿಗೆ ತೋಟವಿಲ್ಲ, ಒಂದು ಮರವೂ ಇಲ್ಲ. ಮಿಕ್ಕವರ ಸುಳ್ಳನ್ನು ತಿನ್ನಬಹುದಿತ್ತು, ಅವಳ ಸುಳ್ಳನ್ನು ತಿನ್ನಲಾಗುತ್ತಿರಲಿಲ್ಲ.

“ಅಲ್ಲಾ ಕಣೇ ರಂಗಿ, ಒಂದು ಗಿಟುಕು ಕೊಡು ಅಂದಿದ್ರೆ ನಾನು ಇಲ್ಲ ಅಂತಿದ್ನಾ?” ಅಂದಳು ಪುಟ್ಟಗೌರಮ್ಮ.

“ಮೋಸ ಮಾಡಾಕೆ ಅಂತ ಕೊಬ್ರಿ ಕೈಗಡ ಯಾರ್ ಕೇಳ್ತಾರಕ್ಕಾ?” ಅಂದಳು ರಂಗಮ್ಮ.

ಪುಟ್ಟಗೌರಮ್ಮ ಬಗ್ಗಿ ಆ ಎರಡು ಕಲ್ಲನ್ನೂ ಎತ್ತಿ ದೂರಕ್ಕೆ ಎಸೆದಳು. ಕರೀನ್ ಮಾತ್ರ ಗಂಗಿಯನ್ನು ಎತ್ತಿಕೊಂಡು ನಿಂತೇ ಇದ್ದಳು. ಈ ಮಗುವಿನ ಜಾಕೀಟನ್ನು ಒಂದು ಸಲ ಬಿಚ್ಚಿ ನೋಡಿದ್ದರೆ ಸಾಕಿತ್ತು. ಪದ್ಧತಿಗೆ ಗೌರವ ಕೊಡುತ್ತಾ ಕೊಡುತ್ತಾ ತಾನು ಕಲ್ಲನ್ನು ತೂಗಿ ನಕ್ಕಿದ್ದೆನಲ್ಲ ಎಂದು ಅವಳಿಗೆ ಬಹಳ ನಾಚಿಕೆಯಾಯಿತು.

ಸಂಜೆ ಜಗುಲಿಯ ಮೇಲೆ ಹೆನ್ರಿಕ್ಸನ್ ಶಿವಣ್ಣನ ಪಂಚೆಯುಟ್ಟುಕೊಂಡು ಟೇಪ್ ರೆಕಾರ್ಡರು ಹಚ್ಚಿದ. ಪಂಚೆ ಅವನ ಮೊಣಕಾಲಿಗೇ ಮುಗಿದಿತ್ತು.

“ಎರಡು ವರ್ಷದಲ್ಲಿ ಏನು ಮಾಡಿದೆ?”

“ಮುಖ ಸಣ್ಣ ಮಾಡಿಕೊಂಡೆ” ಅಂದಳು ಕರೀನ್. “ಮಗು ಕಮ್ಮಿ ತೂಗಿದರೆ ನನ್ನ ಮುಖ ಸಣ್ಣಗಾಗುತ್ತಿತ್ತು. ಅದನ್ನು ನೋಡಲಾರದೆ ಅವರು ಮೋಸ ಮಾಡಿದರು. ಮೋಸದಿಂದ ಮಕ್ಕಳು ದಪ್ಪಗಾದವು. ಒಂದು ಮಗು ಮಾತ್ರ ಆಗಲಿಲ್ಲ.”

“ಮುಂದೆ ಬರುವವರಿಗೆ ಇದನ್ನು ಹೇಗೆ ಕಲಿಸುವುದು?” ಎಂದು ಹೆನ್ರಿಕ್ಸನ್ ಗಂಭೀರವಾಗಿ ಕೇಳಿದ. ಕೇಳಿದ ಮೇಲೆ ಅವನಿಗೇ ನಗು ಬಂದು ಟೇಪು ನಿಲ್ಲಿಸಿದ.

ಕರೀನ್ ನಗಲಿಲ್ಲ. ಅವಳಿಗೆ ಆಗಲೇ ಬೇರೊಂದು ಯೋಚನೆ ಹತ್ತಿಕೊಂಡಿತ್ತು. ತಾನು ಹೋದರೆ ಶುಕ್ರವಾರದ ತಕ್ಕಡಿ ಹೋಗುತ್ತದೆ. ತಕ್ಕಡಿ ಹೋದರೆ ಮೋಸ ಮಾಡಲು ಯಾರೂ ಇರುವುದಿಲ್ಲ. ಕೊಬ್ಬರಿ ಮತ್ತೆ ಪೇಟೆಯ ಪಾಲು, ಮಕ್ಕಳಿಗೆ ಮತ್ತೆ ಕೌಟು ಹೋಳು. ಮಕ್ಕಳಿಗೇ ನೇರವಾಗಿ ಕೊಡಿ ಅಂದರೆ ಕೊಡುತ್ತಾರೆಯೇ? ಹೂಂ ಅನ್ನುತ್ತಾರೆ, ಕುದಿಸಿದ ನೀರಿಗೆ ಹೂಂ ಅಂದ ಹಾಗೆ.

ಅವಳು ಮೂರು ದಿನ ಯೋಚಿಸಿ ಸೋಮವಾರ ಹೆಂಗಸರನ್ನೆಲ್ಲ ಸೇರಿಸಿದಳು. “ತಕ್ಕಡಿ ಊರಿಗೇ ಬುಟ್ಟು ಹೋಯ್ತೀನಿ. ಹಿಡಿಯೋರು ಬೇಕು. ಓದು ಬರಾ ಏನೂ ಬ್ಯಾಡ. ಮುಳ್ಳು ವಾರಗಟ್ಟಲೆ ನಿಂತಲ್ಲೇ ನಿಂತ್ರೆ ಮಗೀನ ಬಿಳಿಗೆರೆ ಡಾಕ್ಟ್ರತ್ರ ಕಳಿಸ್ಬೇಕು. ಮಿಕ್ಕಂಗೆ ಎಷ್ಟೇ ತೂಗ್ಲಿ, ಮುಖ ಸಿಂಡರಿಸ್ಕಂಡು ಕಮ್ಮಿ ಅನ್ಬೇಕು. ಜಾಕೀಟು ಮಾತ್ರ ಯಾರ್ದೂ ತಡಕಂಗಿಲ್ಲ.”

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಎಲ್ಲರ ಕತ್ತೂ ಒಂದೇ ಕಡೆಗೆ ತಿರುಗಿತು.

“ನಮ್ಮತ್ತೇನ ಕೂರ್ಸಿ” ಅಂದಳು ಭೈರಮ್ಮ. “ಮದ್ವೆ ಆಗಿ ಬಂದಾಗಿಂದ ಅವ್ರ ಬಾಯಾಗೆ ಅದೊಂದು ಮಾತು ಬುಟ್ಟು ಬೇರೆ ನಾನು ಕೇಳಿಲ್ಲ. ಸಾರಿಗೆ ಉಪ್ಪು ಕಮ್ಮಿ, ಸೊಸೆಗೆ ಬುದ್ಧಿ ಕಮ್ಮಿ.”

“ನಿಂಗೆ ಇರಾದೇ ಅಷ್ಟು” ಅಂದಳು ಕೊಲ್ಲಾಪುರಮ್ಮ. ಆದರೆ ತಕ್ಕಡಿಯನ್ನು ಎರಡು ಕೈಯಲ್ಲಿ ಇಸಿದುಕೊಂಡು ಸೆರಗಿನಲ್ಲಿ ಗಾಜು ಒರೆಸಿದಳು.

ಮುಂದಿನ ಶುಕ್ರವಾರ, ಅಂದರೆ ಕರೀನ್ ಹೊರಡುವ ಹಿಂದಿನ ದಿನ, ಹೊಂಗೆ ಮರದ ಕೆಳಗೆ ಕೊಲ್ಲಾಪುರಮ್ಮ ಮಣೆ ಹಾಕಿಕೊಂಡು ಕೂತಿದ್ದಳು. ಕರೀನ್ ಗುಂಪಿನ ಹಿಂದೆ ನಿಂತಳು. ಮುದುಕಿ ಮರೆತು ಭೇಷ್ ಅಂದುಬಿಟ್ಟರೆ ಎಲ್ಲಾ ಕೆಟ್ಟಿತು. ಮೊದಲು ಬಂದವನು ಅವಳ ಸ್ವಂತ ಮೊಮ್ಮಗನೇ. ಬೀರ ಜೋಲಿಯಲ್ಲಿ ಕೂತ, ಮುಳ್ಳು ಸೊಗಸಾಗಿ ತಿರುಗಿತು. ಕೊಲ್ಲಾಪುರಮ್ಮ ಮುಳ್ಳನ್ನು ನೋಡಿದಳು, ಮೊಮ್ಮಗನನ್ನು ನೋಡಿದಳು. ಜನ್ಮವೆಲ್ಲ ಸಲೀಸಾಗಿ ಆಡಿಕೊಂಡು ಬಂದ ಒಂದು ಮಾತು ಅವತ್ತು ಅವಳ ಬಾಯಿಂದ ಹೊರಡಲು ತಿಣುಕಿತು.

“ಕಮ್ಮಿ” ಅಂದಳು ಕಡೆಗೂ, ಬೇರೆ ಕಡೆ ಮುಖ ತಿರುಗಿಸಿಕೊಂಡು.

“ಎಲ್ಲಿ ಕಮ್ಮಿ? ಬರೋ ವಾರ ನೋಡ್ಕಳಿ!” ಎಂದು ಭೈರಮ್ಮ ಮಗನನ್ನೆತ್ತಿಕೊಂಡು ದಡದಡನೆ ಹೋದಳು.

ಒಂದಾದ ಮೇಲೊಂದು ಮಗು ಬಂತು. ಎಲ್ಲಕ್ಕೂ ಕಮ್ಮಿ. ತಾಯಂದಿರು ಸಿಡುಕಿದರು, ಗೊಣಗಿದರು, ಬರುವ ವಾರ ತೋರಿಸುತ್ತೇವೆ ಅಂದರು. ಗಂಗಿಯನ್ನು ಎತ್ತಿಕೊಂಡು ಬಂದದ್ದು ರಂಗಮ್ಮನಲ್ಲ, ಪುಟ್ಟಗೌರಮ್ಮ. ಮಗುವಿನ ಜಾಕೀಟು ಮುಂದೆ ಹಿಂದೆ ಎರಡೂ ಕಡೆ ಉಬ್ಬಿತ್ತು. ಮುಳ್ಳು ಏರಿತು.

“ಇದೂ ಕಮ್ಮೀನೇ” ಅಂದಳು ಕೊಲ್ಲಾಪುರಮ್ಮ.

“ಏನಂದೆ?” ಪುಟ್ಟಗೌರಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು. “ನಮ್ಮ ಅಟ್ಟದ ಕೊಬ್ರಿ ಕಣೇ ಅದು! ನಮ್ಮ ಅಟ್ಟದ್ದು ಕಮ್ಮಿ ತೂಗ್ತದಾ?”

ಇಬ್ಬರು ಮುದುಕಿಯರೂ ಜಗಳಕ್ಕೆ ನಿಂತರು. ಮೇಲೆ ಜೋಲಿಯಲ್ಲಿ ತೂಗಾಡುತ್ತಿದ್ದ ಗಂಗಿಗೆ ಇದೆಲ್ಲ ಬೇಸರವಾಯಿತು. ಜಾಕೀಟಿನೊಳಗೆ ಕೈ ಹಾಕಿ ಒಂದು ಗಿಟುಕು ಹೊರಗೆ ತೆಗೆದಳು. ಎಲ್ಲರ ಎದುರಿಗೇ ಅದನ್ನು ಕಟಕಟನೆ ಕಡಿಯಲು ಶುರುಮಾಡಿದಳು. ರಂಗಮ್ಮ ನೆಲ ನೋಡಿದಳು. ಜಗಳ ನಿಲ್ಲಿಸಿದ ಮುದುಕಿಯರು ಮರದ ಕೊಂಬೆ ನೋಡಿದರು. ಕಣ್ಣು ತುಂಬಿ ಬಂದಿದ್ದ ಕರೀನಳೂ ತಿರುಗಿ ನಿಂತು, ತನಗೇನೂ ಕಾಣಿಸಲಿಲ್ಲ ಅನ್ನುವ ಹಾಗೆ, ತೋಟದ ಕಡೆ ನೋಡುತ್ತಾ ಆ ಕಟಕಟ ಸದ್ದು ಮುಗಿಯುವವರೆಗೂ ಕೇಳಿಸಿಕೊಂಡಳು.